ಪಂದ್ಯ ಸುಲಭವಾಗಿತ್ತು

ಫುಟ್‌ಬಾಲ್ ರೆಫ್ರಿಗಳಲ್ಲೂ ದರ್ಜೆ ಅಂತ ಒಂದಿದೆ ಎಂದು ಗೊತ್ತಾದ ದಿನ ನಮ್ಮತ್ತೆ ಕೇಳಿದ ಮೊದಲ ಪ್ರಶ್ನೆ, "ನಮ್ಮವನು ಎಷ್ಟನೇದು?" ಮೂರನೇ ದರ್ಜೆ ಎಂದೆ. "ಶಾಲೇಲೂ ಅಷ್ಟೇ ಇದ್ದ," ಎಂದು ನಿಟ್ಟುಸಿರು ಬಿಟ್ಟು ಮತ್ತೆ ಬಟಾಣಿ ಸುಲಿಯಲು ಕೂತರು. ಮೂರಕ್ಕಿಂತ ಕೆಳಗೆ ದರ್ಜೆಯೇ ಇಲ್ಲ ಎಂಬುದನ್ನು ನಾನು ಹೇಳಲು ಹೋಗಲಿಲ್ಲ. ವಯಸ್ಸಾದವರು, ಯಾಕೆ ನೋಯಿಸುವುದು.

ನನ್ನ ಗಂಡ ವಾರವೆಲ್ಲ ಸಿಟಿ ಬಸ್ಸಿನಲ್ಲಿ ಕಂಡಕ್ಟರು, ಭಾನುವಾರ ಮೈದಾನದಲ್ಲಿ ರೆಫ್ರಿ. ಎರಡಕ್ಕೂ ಒಂದೇ ವಿಸಿಲ್ಲು. ನಾನು ಟೈಲರು. ಮನೆಯ ಮುಂದಿನ ಕೋಣೆಯೇ ಅಂಗಡಿ. ರೆಫ್ರಿಗಳ ಸಂಘದವರು ಶರಟುಗಳ ಜೇಬಿನ ಮೇಲೆ ಬಿಲ್ಲೆ ಹೊಲಿಸುವುದು ನನ್ನ ಹತ್ತಿರವೇ. ಮೂರನೇ ದರ್ಜೆಗೆ ಬೂದು ಬಿಲ್ಲೆ, ಎರಡಕ್ಕೆ ನೀಲಿ, ಒಂದಕ್ಕೆ ಹಳದಿ. ಊರಿನವರಿಗೆಲ್ಲ ನೀಲಿ, ಹಳದಿ ಹೊಲಿದುಕೊಟ್ಟು, ನನ್ನ ಗಂಡನ ಶರಟಿನ ಬೂದು ಬಿಲ್ಲೆ ಒಗೆದೊಗೆದು ಮಾಸಿದಾಗ ಅದರ ಜಾಗಕ್ಕೆ ಇನ್ನೊಂದು ಬೂದು ಬಿಲ್ಲೆ ಹಚ್ಚುವ ಸಂಕಟ ಯಾವ ಹೆಂಗಸಿಗೂ ಬೇಡ. ಇವರನ್ನು ಮೊದಲ ಸಲ ಬಡ್ತಿಗೆ ಕರೆದಾಗಲೇ ನೀಲಿ ಬಿಲ್ಲೆಗೆ ಹೊಂದುವ ದಾರದ ಒಂದು ರೀಲು ತಂದಿಟ್ಟಿದ್ದೆ. ಮೇಲಿನ ಕಾಗದ ಕೂಡ ಬಿಚ್ಚಿರಲಿಲ್ಲ.

ಬಡ್ತಿ ಸಿಗುವ ರೀತಿ ಹೀಗೆ. ಸಂಘದಿಂದ ಒಬ್ಬ ವೀಕ್ಷಕರು ಬರುತ್ತಾರೆ. ಗೆರೆಯ ಆಚೆ ಕುರ್ಚಿ ಹಾಕಿಕೊಂಡು ಪಂದ್ಯ ಪೂರ್ತಿ ನೋಡಿ ಅಂಕ ಕೊಡುತ್ತಾರೆ. ಓಟಕ್ಕೆ ಇಷ್ಟು, ನಿಂತ ಜಾಗಕ್ಕೆ ಇಷ್ಟು, ವಿಸಿಲ್ಲಿನ ದನಿಗೆ ಇಷ್ಟು, ಕೈ ಎತ್ತಿದ ಠೀವಿಗೆ ಇಷ್ಟು. ಎಲ್ಲಾ ಮುಗಿದ ಮೇಲೆ ಕಾಗದದ ತಳದಲ್ಲಿ ಒಂದು ಚೌಕವಿದೆ: ಪಂದ್ಯ ಎಷ್ಟು ಕಷ್ಟದ್ದಾಗಿತ್ತು? ಅಲ್ಲಿ 'ಸುಲಭ' ಎಂದು ಬಿತ್ತೋ, ಮೇಲಿನ ಅಂಕಗಳೆಲ್ಲ ನೀರಲ್ಲಿ ಮಾಡಿದ ಹೋಮ. ಸುಲಭದ ಪಂದ್ಯವನ್ನು ಯಾರು ಬೇಕಾದರೂ ನಡೆಸುತ್ತಾರೆ, ಅದಕ್ಕೆ ಬಡ್ತಿ ಯಾಕೆ ಎಂಬುದು ಸಂಘದ ವಾದ. ಕೇಳಲು ಚೆನ್ನಾಗಿಯೇ ಇದೆ.

ನನ್ನ ಗಂಡನಿಗೆ ಪ್ರತಿ ಸಲವೂ ಬಿದ್ದದ್ದು ಅದೇ. ಪಂದ್ಯ ಸುಲಭವಾಗಿತ್ತು.

ಯಾಕೆ ಸುಲಭವಾಗಿತ್ತು ಎಂದು ಯಾರೂ ಕೇಳಲಿಲ್ಲ. ನಾನು ಹೇಳುತ್ತೇನೆ. ಬಸ್ಸಿನಲ್ಲಿ ಒಂದೇ ಸೀಟಿನ ಮೇಲೆ ಇಬ್ಬರು ಕಣ್ಣು ಹಾಕಿದ್ದಾರೆ ಎಂಬುದು ಆ ಇಬ್ಬರಿಗೂ ಗೊತ್ತಾಗುವ ಮೊದಲೇ ಇವರಿಗೆ ಗೊತ್ತಾಗುತ್ತದೆ. "ಸಾರ್, ಹಿಂದೆ ಕಿಟಕಿ ಪಕ್ಕ ಖಾಲಿ ಇದೆ, ಒಳ್ಳೆ ಗಾಳಿ," ಎಂದು ಒಬ್ಬರನ್ನು ಸಾಗಹಾಕುತ್ತಾರೆ. ಆಗಬೇಕಾಗಿದ್ದ ಜಗಳ ಆಗುವುದೇ ಇಲ್ಲ. ಜೇಬುಗಳ್ಳರ ಗುಂಪು ಹತ್ತಿದರೂ ಹಾಗೆಯೇ. ಆ ಗುಂಪಿನಲ್ಲಿ ಇಬ್ಬರು ಸುಮ್ಮಸುಮ್ಮನೆ ಕಾಲರು ಹಿಡಿದುಕೊಳ್ಳುತ್ತಾರೆ, ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ಅಷ್ಟರಲ್ಲಿ ಮೂರನೆಯವನು ಕೈಚಳಕ ತೋರಿಸಿಬಿಡುತ್ತಾನೆ. ನಿಜವಾಗಿ ಜಗಳ ಆಡುವವನು ಎದುರಿನವನ ಮುಖ ನೋಡುತ್ತಾನಂತೆ, ನಾಟಕ ಆಡುವವನು ಸುತ್ತಲಿನವರ ಮುಖ ನೋಡುತ್ತಾನಂತೆ. ಅದು ಕಂಡ ತಕ್ಷಣ ಇವರು ಫುಟ್‌ಬೋರ್ಡಿನಿಂದಲೇ ಕೂಗುತ್ತಾರೆ, "ಎಲ್ರೂ ನಿಮ್ ನಿಮ್ ಜೇಬು ನೋಡ್ಕೊಳ್ಳಿ!" ಕಾಲರು ಹಿಡಿದವರು ಪೆಚ್ಚಾಗಿ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುತ್ತಾರೆ.

ಮೈದಾನದಲ್ಲೂ ಇದೇ ಕಸುಬು. ಯಾರ ಮೂಗಿನ ತುದಿಯಲ್ಲಿ ಕೋಪವಿದೆ, ಯಾರು ಮನೆಯಲ್ಲಿ ಮಾತು ಕೇಳಿಸಿಕೊಂಡು ಬಂದಿದ್ದಾರೆ, ಎಲ್ಲಾ ಮೊದಲೇ ವಾಸನೆ ಹಿಡಿದು ಅಲ್ಲಿ ಹೋಗಿ ನಿಂತಿರುತ್ತಾರೆ. ಪಾಪ, ಆಟಗಾರರೂ ಎಲ್ಲ ಇವರ ಬಸ್ಸಿನಲ್ಲೇ ಓಡಾಡುವವರು. ಹಾಗಾಗಿ ಇವರ ಪಂದ್ಯದಲ್ಲಿ ಏನೂ ಆಗುವುದಿಲ್ಲ. ವೀಕ್ಷಕರು ಆಕಳಿಸುತ್ತಾರೆ.

ಬೆಂಕಿಪೆಟ್ಟಿಗೆ ಎಂದು ಎಲ್ಲರೂ ಕರೆಯುವ ಇನ್ನೊಬ್ಬ ರೆಫ್ರಿ ಇದ್ದಾನೆ. ವಾರದ ದಿನ ವಿಮೆ ಮಾರುತ್ತಾನೆ. ಅವನು ವಿಸಿಲ್ ಊದಿದ ಪಂದ್ಯ ಒಂದೂ ನೆಟ್ಟಗೆ ಮುಗಿದದ್ದಿಲ್ಲ. ಒಮ್ಮೆ ಗೋಲಿನ ಬಲೆಯಲ್ಲೇ ಒಬ್ಬನನ್ನು ಸುತ್ತಿ ಬಿಸಾಕಿದ್ದರು. ಪ್ರತಿ ಸಲವೂ ವೀಕ್ಷಕರು ಬರೆದದ್ದು: ಅತ್ಯಂತ ಕಠಿಣ ಪಂದ್ಯ, ದಿಟ್ಟ ನಿರ್ವಹಣೆ. ಮೂರರಿಂದ ಎರಡಕ್ಕೆ ಹಾರಿದ, ಎರಡರಿಂದ ಒಂದಕ್ಕೆ ಹಾರಿದ. ಹಳದಿ ಬಿಲ್ಲೆ ಹೊಲಿಸಲು ಬಂದಾಗ ನನ್ನೆದುರೇ ಸ್ಟೂಲಿನ ಮೇಲೆ ಕಾಲಮೇಲೆ ಕಾಲು ಹಾಕಿ ಕೂತು ಇವರಿಗೆ ಬುದ್ಧಿ ಹೇಳಿದ.

"ನೀವು ಒಳ್ಳೆಯವರು ಕಂಡಕ್ಟ್ರೇ, ಅದೇ ನಿಮ್ಮ ರೋಗ. ಶುರುವಿನಲ್ಲೇ ಒಂದು ಫೌಲು ಕಂಡೂ ಕಾಣದ ಹಾಗೆ ಬಿಟ್ಬಿಡಿ. ಆಮೇಲೆ ಸುಮ್ನಿರಿ. ಅದು ತಾನಾಗೇ ಹತ್ಕೊಳ್ಳುತ್ತೆ. ಚೆನ್ನಾಗಿ ಉರಿಯೋವಾಗ ಎರಡು ಕೆಂಪು ಕಾರ್ಡು ತೆಗೆದು ಆರಿಸಿ. ವೀಕ್ಷಕರಿಗೆ ಇನ್ನೇನು ಬೇಕು?"

ಇವರು ನಕ್ಕರು. ನಾನು ನಗಲಿಲ್ಲ. ಅವನ ಬಿಲ್ಲೆಗೆ ಒಂದೇ ಸುತ್ತು ಹೊಲಿಗೆ ಹಾಕಿ ಕಳಿಸಿದೆ. ನಾಲ್ಕು ಸಲ ಒಗೆದರೆ ಬಿಚ್ಚಿಕೊಳ್ಳಲಿ ಎಂದು.

ಆದರೆ ಮಾತು ಇವರ ತಲೆಯೊಳಗೆ ಹೊಕ್ಕಿತ್ತು. ನಲವತ್ತೈದು ತುಂಬಿದವರಿಗೆ ಬಡ್ತಿ ಇಲ್ಲ ಎಂಬುದು ಸಂಘದ ನಿಯಮ. ಮುಂದಿನ ತಿಂಗಳು ಇವರಿಗೆ ನಲವತ್ತೈದು. ಈ ಭಾನುವಾರದ ಸೆಮಿಫೈನಲ್ಲಿಗೆ ವೀಕ್ಷಕರು ಬರುವುದು ಖಾತ್ರಿಯಾಗಿತ್ತು. ಇದು ಹೋದರೆ ಬೂದು ಬಿಲ್ಲೆಯೇ ಗತಿ. ಶನಿವಾರ ಸಂಜೆ ಬೂಟಿಗೆ ಪಾಲಿಶ್ ತಿಕ್ಕುತ್ತಾ ಕೂತವರು ತಲೆ ಎತ್ತದೆ ಕೇಳಿದರು, "ಒಂದು ಫೌಲು ನೋಡದೇ ಇದ್ರೆ ಏನಾಗುತ್ತೆ?"

"ಆಕಾಶ ಕಳಚಿ ಬೀಳಲ್ಲ," ಎಂದೆ.

"ಬೇಕೂಂತ ನೋಡದೇ ಇದ್ರೆ?"

"ಆಗಲೂ ಬೀಳಲ್ಲ ರೀ. ಬೆಂಕಿಪೆಟ್ಟಿಗೆ ಮೇಲೆ ಬಿತ್ತಾ?"

ಆ ಬೂಟನ್ನು ಎಷ್ಟು ತಿಕ್ಕಿದರೆಂದರೆ ಅತ್ತೆ ಎದ್ದು ಬಂದು, "ತೂತು ಬೀಳುತ್ತೆ ಬಿಡೋ," ಎಂದು ಕಸಿದುಕೊಂಡರು.

ಭಾನುವಾರ ಬೆಳಿಗ್ಗೆ ಹಳೇ ಗೋದಾಮಿನ ಹಿಂದಿನ ಮೈದಾನ. ಒಂದು ಕಡೆ ಕಟ್ಟಡ ಕೆಲಸದವರ ತಂಡ, ಅದಕ್ಕೆ ಗಾರೆ ಮೇಸ್ತ್ರಿ ಕ್ಯಾಪ್ಟನ್. ಇನ್ನೊಂದು ಕಡೆ ಅಂಚೆ ಕಚೇರಿಯವರ ತಂಡ, ಅದಕ್ಕೆ ನಮ್ಮ ಬೀದಿಯ ಪೋಸ್ಟ್‌ಮ್ಯಾನೇ ಕ್ಯಾಪ್ಟನ್. ಮೇಸ್ತ್ರಿಯ ತಂಡ ಈವರೆಗೆ ಫೈನಲ್ಲಿನ ಮುಖ ನೋಡಿಲ್ಲ. ಪೋಸ್ಟ್‌ಮ್ಯಾನಿಗೆ ಮಂಡಿನೋವು, ಈ ವರ್ಷ ಆಡಿ ಆಟ ಬಿಟ್ಟುಬಿಡುತ್ತೇನೆ ಎಂದು ಕಾಗದ ಕೊಡಲು ಬಂದಾಗಲೆಲ್ಲ ಹೇಳುತ್ತಿದ್ದ. ಇಬ್ಬರಿಗೂ ಗೆಲ್ಲಲೇಬೇಕಾದ ಪಂದ್ಯ. ಹತ್ತಿಕೊಂಡರೆ ಇಲ್ಲೇ ಹತ್ತಿಕೊಳ್ಳಬೇಕು ಎಂದು ನನಗೂ ಆಸೆ ಹುಟ್ಟಿತು.

ವೀಕ್ಷಕರಾಗಿ ಬಂದವರು ಕೊಡೆ ಸಾಹೇಬರು. ಮೋಡವಿರಲಿ ಬಿಸಿಲಿರಲಿ ಕೊಡೆ ಬಿಟ್ಟು ಬಂದವರಲ್ಲ, ಹಾಗಾಗಿ ಆ ಹೆಸರು. ಮಡಚುವ ಕುರ್ಚಿ ಬಿಚ್ಚಿ, ಕೊಡೆಯನ್ನು ಅದರ ಹಿಡಿಗೆ ಸಿಕ್ಕಿಸಿ, ಫ್ಲಾಸ್ಕು ಕಾಲಬುಡದಲ್ಲಿಟ್ಟು, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ಅಂಕದ ಕಾಗದ ಇಟ್ಟುಕೊಂಡು ಕೂತರು. ಪೆನ್ನಿನ ಕ್ಯಾಪು ಮಾತ್ರ ತೆಗೆಯಲಿಲ್ಲ. ಇವರ ಪಂದ್ಯಗಳನ್ನು ಹಿಂದೆಯೂ ನೋಡಿದ್ದರಲ್ಲ, ತೆಗೆಯುವ ಪ್ರಮೇಯ ಬರುವುದಿಲ್ಲ ಎಂದು ಗೊತ್ತಿತ್ತು.

ಆಟ ಶುರುವಾಗಿ ಇನ್ನೂ ಬೆವರು ಕೂಡ ಒಡೆದಿರಲಿಲ್ಲ. ಅಂಚೆ ತಂಡದ ಉದ್ದಕಾಲಿನವನೊಬ್ಬ ಚೆಂಡು ಬಿಟ್ಟು ಮೇಸ್ತ್ರಿಯ ಕಾಲಿಗೇ ಕಾಲು ಕೊಟ್ಟ. ಮೇಸ್ತ್ರಿ ಮೂಟೆ ಉರುಳಿದ ಹಾಗೆ ಉರುಳಿದ. ನನ್ನ ಗಂಡ ಅಲ್ಲೇ, ಕೈಗೆಟಕುವ ದೂರದಲ್ಲಿ ನಿಂತಿದ್ದರು. ವಿಸಿಲ್ಲು ತುಟಿಯವರೆಗೆ ಬಂತು. ಊದಲಿಲ್ಲ. "ಆಡಿ, ಆಡಿ," ಎಂದು ಕೈ ಬೀಸಿಬಿಟ್ಟರು. ಅವರ ಕಿವಿ ಕೆಂಪಾದದ್ದು ನನಗೆ ಗೆರೆಯ ಆಚೆಯಿಂದಲೇ ಕಂಡಿತು.

ಈಗ ಹತ್ತಿಕೊಳ್ಳುತ್ತದೆ ಎಂದುಕೊಂಡೆ. ಮೇಸ್ತ್ರಿಯ ಹುಡುಗರು ಬಾಯಿ ತೆರೆದರು. ಮೇಸ್ತ್ರಿ ಮಣ್ಣು ಕೊಡವುತ್ತಾ ಎದ್ದು ಅವರಿಗೇ ಗದರಿದ, "ಬಾಯ್ಮುಚ್ಚಿ ಆಡ್ರೋ! ಕಂಡಕ್ಟ್ರು ಊದಿಲ್ಲ ಅಂದ್ರೆ ನಾನೇ ಎಡವಿರ್ತೀನಿ." ಉದ್ದಕಾಲಿನವನು ಓಡಿ ಬಂದು ಅವನ ಬೆನ್ನು ಸವರಿ, "ಸಾರಿ ಅಣ್ಣಾ, ನಂದೇ ತಪ್ಪು," ಎಂದ. ಇಬ್ಬರೂ ಕೈ ಕುಲುಕಿದರು. ಅಲ್ಲಿಗೆ ಬೆಂಕಿ ತಣ್ಣಗಾಯಿತು.

ಇವರು ಬಿಡಲಿಲ್ಲ. ಜೀವಮಾನದಲ್ಲಿ ಮಾಡದ್ದನ್ನು ಮಾಡಹೊರಟವರಿಗೆ ಅಳತೆ ಗೊತ್ತಾಗುವುದಿಲ್ಲ. ಗೋಲಿನ ಮುಂದೆ ಚೆಂಡೊಂದು ಮೇಸ್ತ್ರಿಯ ತಂಡದ ಪೇಂಟರ್ ಹುಡುಗನ ಎದೆಗೆ ಬಡಿಯಿತು. ಧಪ್ ಎಂದು ಸದ್ದೇ ಬಂತು, ಎದೆಗೆ ಎಂದು ಊರಿಗೇ ಕಂಡಿತು. ಇವರು ಜೋರಾಗಿ ವಿಸಿಲ್ ಊದಿ, ಕೈಗೆ ತಾಗಿತು ಎಂದು ಪೆನಾಲ್ಟಿ ಕೊಟ್ಟುಬಿಟ್ಟರು. ಆ ಹುಡುಗ ತನ್ನ ಎರಡೂ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. "ತಾಗಿರ್ಬೇಕು," ಎಂದ. "ಕಂಡಕ್ಟ್ರು ಹೇಳಿದ ಮೇಲೆ ತಾಗಿರುತ್ತೆ."

ಪೆನಾಲ್ಟಿ ಹೊಡೆಯಲು ಬಂದ ಪೋಸ್ಟ್‌ಮ್ಯಾನು ಚೆಂಡಿಟ್ಟು ಇವರ ಮುಖ ನೋಡಿದ. ಆಮೇಲೆ ಚೆಂಡನ್ನು ಮಗುವಿಗೆ ಉರುಳಿಸುವ ಹಾಗೆ ಗೋಲು ಕಾಯುತ್ತಿದ್ದ ಗೋಲಿಯ ಕೈಗೇ ಉರುಳಿಸಿದ. ಕಂಡಕ್ಟರ ಕೈಲಿ ತಪ್ಪಾಗಿದೆ ಪಾಪ, ಅದನ್ನು ದೊಡ್ಡದು ಮಾಡುವುದು ಯಾಕೆ ಎಂದು. ಅಷ್ಟೇ ಅಲ್ಲ, ಎರಡೂ ತಂಡದವರು ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು: ಇವತ್ತು ಕಂಡಕ್ಟರಿಗೆ ಮೈ ಹುಷಾರಿಲ್ಲ. ಒಬ್ಬ ನೀರು ತಂದ. ಒಬ್ಬ ನೆರಳಿಗೆ ಬನ್ನಿ ಎಂದ. ಗೋಲಿ ಗ್ಲೌಸು ಕಳಚಿ ಇವರ ಹಣೆ ಮುಟ್ಟಿ ನೋಡಿದ. ನನ್ನ ಗಂಡನ ಮುಖ ನೋಡಲಾಗುತ್ತಿರಲಿಲ್ಲ. ಜಗಳ ಬೇಕು ಎಂದು ಹೋದವರಿಗೆ ಆರೈಕೆ ಸಿಕ್ಕರೆ ಹೇಗಿರುತ್ತದೆ!

ಅರ್ಧ ಆಟ ಮುಗಿಯಿತು. ಯಾರಿಗೂ ಗೋಲಿಲ್ಲ. ಕೊಡೆ ಸಾಹೇಬರ ಪೆನ್ನಿನ ಕ್ಯಾಪು ಹಾಗೇ ಇತ್ತು, ಫ್ಲಾಸ್ಕಿನ ಮುಚ್ಚಳ ಮಾತ್ರ ತೆರೆದಿತ್ತು. ನಲ್ಲಿಯ ಹತ್ತಿರ ನಿಂತಿದ್ದ ನನ್ನ ಬಳಿಗೆ ಮೇಸ್ತ್ರಿ, ಪೋಸ್ಟ್‌ಮ್ಯಾನು ಇಬ್ಬರೂ ಬಂದರು.

"ಅಕ್ಕಾ, ಭಾವನಿಗೆ ಏನಾಗಿದೆ? ಜ್ವರಾನಾ?" ಎಂದ ಮೇಸ್ತ್ರಿ.

ನನಗೆ ಪಿತ್ತ ನೆತ್ತಿಗೇರಿತು. "ಜ್ವರ ಅಲ್ಲ, ನೀವು!" ಎಂದೆ. "ನಿಮ್ಮ ಒಳ್ಳೆಯತನವೇ ಅವರಿಗೆ ಶನಿ. ನೀವು ಹೊಡೆದಾಡಲ್ಲ, ಬೈಯಲ್ಲ, ಕಾಲರ್ ಹಿಡಿಯಲ್ಲ. ಪಂದ್ಯ ಸುಲಭ, ಪಂದ್ಯ ಸುಲಭ ಅಂತ ಅಲ್ಲಿ ಕೂತವರು ಬರ್ಕೊಂಡು ಹೋಗ್ತಾರೆ. ಇವತ್ತು ಬಿಟ್ರೆ ಇನ್ನವರಿಗೆ ಬಡ್ತಿ ಇಲ್ಲ. ಗಂಡಸರಾಗಿ ಒಂದು ಜಗಳ ಆಡೋಕೆ ಬರಲ್ವಾ ನಿಮಗೆ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಮೊದಲೇ ಹೇಳ್ಬಾರ್ದಾ ಅಕ್ಕಾ," ಎಂದು ಪೋಸ್ಟ್‌ಮ್ಯಾನು ತಲೆ ಕೆರೆದುಕೊಂಡ. "ಆದ್ರೆ ಜಗಳ ಶುರು ಮಾಡೋದು ಹೇಗೆ? ನನಗೆ ಅಭ್ಯಾಸ ಇಲ್ಲ."

"ನಾನು ನಿನ್ನ ಶರಟು ಎಳೀತೀನಿ, ನೀನು ನನ್ನ ತಳ್ಳು," ಎಂದ ಮೇಸ್ತ್ರಿ. "ಮಂಡಿ ಜೋಪಾನ ಮಾರಾಯಾ. ಮೂಗು ಮಾತ್ರ ಮುಟ್ಬೇಡ, ನಾಳೆ ಫೋಟೊ ತೆಗೆಸ್ಕೋಬೇಕು."

"ಕೆಂಪು ಕಾರ್ಡು ಕೊಟ್ಬಿಟ್ರೆ?"

ಕೆಂಪು ಕಾರ್ಡು ಬಿದ್ದವನಿಗೆ ಮುಂದಿನ ಪಂದ್ಯ ಇಲ್ಲ. ಗೆದ್ದವರ ಮುಂದಿನ ಪಂದ್ಯ ಎಂದರೆ ಫೈನಲ್ಲು. ಮೇಸ್ತ್ರಿ ಸ್ವಲ್ಪ ಹೊತ್ತು ಬೂಟಿನ ತುದಿಯಿಂದ ನೆಲ ಕೆದಕಿದ. "ಕೊಡ್ಲಿ ಬಿಡು," ಎಂದ. "ಮಳೇಲಿ ನನಗೋಸ್ಕರ ಎಷ್ಟು ಸಲ ಬಸ್ಸು ನಿಲ್ಸಿಲ್ಲ ಅವ್ರು."

ಬೇಡ ಎಂದು ನಾನು ಹೇಳಲಿಲ್ಲ. ಯಾಕೆ ಹೇಳಬೇಕು? ನನ್ನ ಗಂಡನಿಗಾಗಿ ಯಾರಾದರೂ ಏನಾದರೂ ಬಿಟ್ಟುಕೊಟ್ಟದ್ದು ಅದೇ ಮೊದಲು.

ಎರಡನೇ ಅರ್ಧದ ಆಟ ಸುಮಾರು ಅರ್ಧ ಕಳೆದಿರಬೇಕು, ಮೈದಾನದ ನಡುವೆ, ಸರಿಯಾಗಿ ಕೊಡೆ ಸಾಹೇಬರ ಕುರ್ಚಿಯ ಎದುರಿಗೆ, ಮೇಸ್ತ್ರಿ ಪೋಸ್ಟ್‌ಮ್ಯಾನಿನ ಶರಟು ಹಿಡಿದು ಎಳೆದ. ಪೋಸ್ಟ್‌ಮ್ಯಾನು ಅವನ ಎದೆಗೆ ಕೈಯಿಟ್ಟು ತಳ್ಳಿದ. "ಏಯ್!" ಎಂದ ಒಬ್ಬ. "ಏನೋ!" ಎಂದ ಇನ್ನೊಬ್ಬ. ಅದಕ್ಕಿಂತ ಮುಂದೆ ಇಬ್ಬರಿಗೂ ಮಾತು ಹೊಳೆಯಲಿಲ್ಲ. ಮೇಸ್ತ್ರಿ "ನಿಮ್ಮ... ನಿಮ್ಮ ಕಾಗದಗಳು ಲೇಟು!" ಎಂದು ಕೂಗಿದ. ಅದು ಮಾತ್ರ ಪೋಸ್ಟ್‌ಮ್ಯಾನಿಗೆ ನಿಜವಾಗಿಯೂ ನಾಟಿತು, "ನಿನ್ನ ಗೋಡೆ ಸೊಟ್ಟ!" ಎಂದು ಇನ್ನೊಮ್ಮೆ ತಳ್ಳಿದ. ಎರಡೂ ತಂಡದವರು ಓಡಿ ಬಂದು ಸುತ್ತುವರಿದರು. ಅವರಿಗೆ ಇದು ನಾಟಕ ಎಂದು ಗೊತ್ತಿರಲಿಲ್ಲ. ಅಲ್ಲಲ್ಲಿ ನಿಜವಾದ ಮುಷ್ಟಿಗಳೂ ಎದ್ದವು.

ಕೊಡೆ ಸಾಹೇಬರು ಎದ್ದು ನಿಂತರು! ಕಾಲು ತಾಗಿ ಫ್ಲಾಸ್ಕು ಉರುಳಿತು, ನೋಡಲಿಲ್ಲ. ಪೆನ್ನಿನ ಕ್ಯಾಪು ಹಲ್ಲಿನಲ್ಲಿ ಕಚ್ಚಿ ತೆಗೆದರು.

ನನ್ನ ಗಂಡ ಓಡಿ ಬಂದರು. ಬಲಗೈ ಎದೆಯ ಜೇಬಿಗೆ ಹೋಯಿತು. ಕೆಂಪು ಕಾರ್ಡು ಇರುವುದು ಅಲ್ಲೇ. ಅವಸರದಲ್ಲಿ ಹಳದಿ ಕಾರ್ಡಿನ ಜೊತೆ ಬೆರೆಯದಿರಲಿ ಎಂದು ನಾನೇ ಒಳಗೆ ಬೇರೆ ಪಟ್ಟಿ ಕೊಟ್ಟು ಹೊಲಿದ ಜೇಬು. ಮೇಸ್ತ್ರಿ ಮೆಲ್ಲಗೆ ಅಂದನಂತೆ, "ತೋರ್ಸಿ ಕಂಡಕ್ಟ್ರೇ, ಬೇಗ ತೋರ್ಸಿ, ಸಾಹೇಬ್ರು ನೋಡ್ತಿದಾರೆ." ಅಂದವನು ಹಾಗೇ ಕತ್ತು ಹೊರಳಿಸಿ ಕುರ್ಚಿಯ ಕಡೆ ನೋಡಿದ. ಪೋಸ್ಟ್‌ಮ್ಯಾನೂ ನೋಡಿದ. ಶರಟು ಹಿಡಿದುಕೊಂಡ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಕುರ್ಚಿಯ ಕಡೆಗೇ ನೋಡುತ್ತಿದ್ದರು.

ಬಸ್ಸಿನಲ್ಲಿ ಇಷ್ಟು ಕಾಲ ನಿಂತು ಸವೆದ ಮನುಷ್ಯನಿಗೆ ಅಷ್ಟು ಸಾಕು. ಇವರು ಕುರ್ಚಿಯ ಕಡೆ ನೋಡಿದರು, ಆಮೇಲೆ ಗೆರೆಯ ಆಚೆ ನಿಂತ ನನ್ನ ಕಡೆ ನೋಡಿದರು. ಯಾರ ಕೆಲಸ ಎಂದು ಅರ್ಥವಾಯಿತು. ನಾನು ಕಣ್ಣಲ್ಲೇ ಬೇಡಿಕೊಂಡೆ, ತೆಗೀರಿ, ಒಂದ್ಸಲ ತೆಗೀರಿ ಎಂದು.

ಜೇಬಿನಿಂದ ಕೈ ಹೊರಗೆ ಬಂತು. ಬರಿಗೈ.

"ಎಲ್ರೂ ನಿಮ್ ನಿಮ್ ಜೇಬು ನೋಡ್ಕೊಳ್ಳಿ!" ಎಂದು ಬಸ್ಸಿನಲ್ಲಿ ಕೂಗುವ ಹಾಗೆ ಕೂಗಿದರು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಗೋಲಿ ಮೊದಲು ನಕ್ಕ. ದಿನಾ ಅದೇ ಬಸ್ಸಿನಲ್ಲಿ ಓಡಾಡುವವರು, ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎತ್ತಿದ ಮುಷ್ಟಿಗಳು ಇಳಿದವು. ಮೇಸ್ತ್ರಿ, ಪೋಸ್ಟ್‌ಮ್ಯಾನು ಮಾತ್ರ ಶರಟು ಬಿಟ್ಟು ಕಳ್ಳರ ಹಾಗೆ ತಲೆ ತಗ್ಗಿಸಿ ನಿಂತರು. ಇವರು ಚೆಂಡು ತೆಗೆದುಕೊಂಡು, ಅಲ್ಲೇ ನೆಲಕ್ಕೆ ಬಿಟ್ಟು, ವಿಸಿಲ್ ಊದಿ ಆಟ ಮುಂದುವರಿಸಿದರು. ಕೊನೆಗೆ ಮೇಸ್ತ್ರಿಯ ತಂಡ ಒಂದು ಗೋಲಿನಿಂದ ಗೆದ್ದಿತು. ಗೋಲು ಹೊಡೆದದ್ದು ಆ ಪೇಂಟರ್ ಹುಡುಗ.

ಪಂದ್ಯದ ನಂತರ ವೀಕ್ಷಕರು ರೆಫ್ರಿಯನ್ನು ಕೂರಿಸಿಕೊಂಡು ಮಾತಾಡಬೇಕು ಎಂದು ನಿಯಮ. ಬಲೆ, ಸುಣ್ಣದ ಚೀಲ ಇಡುವ ಕೋಣೆಯಲ್ಲಿ ಕೂತರು. ಬಾಗಿಲಿಗೆ ಚಿಲಕ ಇರಲಿಲ್ಲ, ನಾನು ಹೊರಗೆ ನಿಂತು ಎಲ್ಲಾ ಕೇಳಿಸಿಕೊಂಡೆ.

"ಪೆನಾಲ್ಟಿ ಕೊಟ್ರಲ್ಲ, ಭೇಷ್," ಎಂದರು ಕೊಡೆ ಸಾಹೇಬರು. "ಧೈರ್ಯದ ತೀರ್ಮಾನ. ನಿಮ್ಮಿಂದ ನಾನು ನಿರೀಕ್ಷಿಸಿರ್ಲಿಲ್ಲ. ಅದಕ್ಕೆ ಒಳ್ಳೆ ಅಂಕ ಹಾಕಿದೀನಿ. ಈಗ ಆ ಜಗಳದ ವಿಷಯ. ಜಗಳ ಆಯ್ತು, ಬಹಳ ಸಂತೋಷ. ಆದ್ರೆ ಕಾರ್ಡು ಎಲ್ಲಿ?"

"ಅದು ಜಗಳ ಅಲ್ಲ ಸಾರ್."

"ಶರಟು ಹಿಡಿದು ತಳ್ಳಾಡಿದ್ದು ಜಗಳ ಅಲ್ವಾ?"

"ಅಲ್ಲ ಸಾರ್."

"ನೋಡಿ, ನಿಮ್ಮ ಮೇಲೆ ನನಗೆ ಕನಿಕರ ಇದೆ. ಜಗಳ ಆಯ್ತು, ಇಬ್ಬರಿಗೂ ಕೆಂಪು ಕಾರ್ಡು ಕೊಡ್ಬೇಕಿತ್ತು, ನೂಕುನುಗ್ಗಲಿನಲ್ಲಿ ಮರೆತೆ ಅಂತ ನೀವು ಒಂದು ಮಾತು ಹೇಳಿ. ಪಂದ್ಯ ಕಠಿಣ ಅಂತ ಬರೀತೀನಿ. ಅವರಿಬ್ಬರ ಹೆಸರು ವರದೀಲಿ ಸೇರಿಸಿದ್ರೆ ಸಂಘದವರೇ ಒಂದು ಪಂದ್ಯ ಹೊರಗಿಡ್ತಾರೆ. ನಿಮಗೆ ನೀಲಿ ಬಿಲ್ಲೆ ಬರುತ್ತೆ. ಜಗಳವೇ ಅಲ್ಲ ಅಂದ್ರೆ..." ಕಾಗದ ಮಗುಚಿದ ಸದ್ದಾಯಿತು. "ಅಂದ್ರೆ ಪಂದ್ಯ ಸುಲಭ."

ಹೇಳಿರಿ, ಹೇಳಿಬಿಡಿ ಎಂದು ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೈದಾನದಲ್ಲಿ ಮೇಸ್ತ್ರಿಯನ್ನು ಅವನ ಹುಡುಗರು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದ ಗದ್ದಲ ಕೇಳುತ್ತಿತ್ತು.

"ಸುಲಭ ಅಂತಲೇ ಬರ್ಕೊಳ್ಳಿ ಸಾರ್," ಎಂದರು ನನ್ನ ಗಂಡ.

ಮನೆಗೆ ನಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಬೈದೆ. ನಡುವೆ ಒಮ್ಮೆ ಇವರು, "ಮೇಸ್ತ್ರಿ ಎಷ್ಟು ವರ್ಷದಿಂದ ಫೈನಲ್ಲಿಗೆ ಕಾಯ್ತಿದಾನೆ ಗೊತ್ತಾ ನಿನಗೆ?" ಎಂದರು.

"ನೀವು ಎಷ್ಟು ವರ್ಷದಿಂದ ಕಾಯ್ತಿದೀರಿ, ಅದು ಗೊತ್ತಾ?" ಎಂದೆ.

ನಮ್ಮ ಬೀದಿಯ ತಿರುವಿಗೆ ಬಂದಾಗ, "ಪೆನಾಲ್ಟಿಗೆ ಭೇಷ್ ಅಂದ್ರು ಕಣೇ," ಎಂದರು. "ಅದೊಂದು ಮಾತ್ರ ಬೇಜಾರಾಯ್ತು." ಆಗ ನನಗೆ ಅಳು ಬಂತು. ಬೀದಿಯಲ್ಲಿ ಅಳುವುದು ಬೇಡ ಎಂದು ಮನೆಗೆ ಬಂದು ಮಿಷನ್ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆಗೆ ವಿಷಯ ತಿಳಿದು, "ಮೂರನೇದೂ ಒಂದು ದರ್ಜೆನೇ ತಾನೇ," ಎಂದು ಇವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು.

ಮುಂದಿನ ತಿಂಗಳು ಇವರಿಗೆ ನಲವತ್ತೈದು ತುಂಬಿತು. ಅದರ ಹಿಂದೆಯೇ ಕೊಡೆ ಸಾಹೇಬರು ಅಂಗಡಿಗೆ ಬಂದರು. ಕೊಡೆಯ ಬಟ್ಟೆ ಒಂದು ಕಡ್ಡಿಯಿಂದ ಬಿಚ್ಚಿಕೊಂಡಿತ್ತು, ಹೊಲಿಸಬೇಕಿತ್ತು. ಹೊಲಿಯಲು ಕೂತ ನನಗೆ ಅವರೇ ಹೇಳಿದರು, ವಯಸ್ಸು ಮೀರಿದ ಮೂರನೇ ದರ್ಜೆಯವರಲ್ಲಿ ದೂರು ಇಲ್ಲದವರನ್ನು ವೀಕ್ಷಕರನ್ನಾಗಿ ಮಾಡುವುದು ಸಂಘದ ಪದ್ಧತಿ, ಇವರ ಹೆಸರು ಬಂದಿದೆ ಎಂದು. ಸೂಜಿ ನನ್ನ ಬೆರಳಿಗೆ ಚುಚ್ಚಿತು.

"ಬಡ್ತಿ ಸಿಗದವರೇ ಬಡ್ತಿ ಕೊಡೋದಾ?" ಎಂದೆ.

"ಮೇಲಿನ ದರ್ಜೆಯವರಿಗೆ ಪುರುಸೊತ್ತು ಎಲ್ಲಿದೆಯಮ್ಮಾ, ಅವರು ಪಂದ್ಯ ನಡೆಸ್ಬೇಕಲ್ಲ," ಎಂದರು. "ನಾನೂ ಮೂರನೇ ದರ್ಜೆಯವನೇ. ನನ್ನ ಪಂದ್ಯಗಳೂ ಸುಲಭವಾಗೇ ಇರ್ತಿದ್ವು."

"ಹಾಗಿದ್ರೆ ಯಾಕೆ ಸಾರ್ ಹಾಗೆ ಬರೀತೀರಿ?"

ನನ್ನ ಪ್ರಶ್ನೆಯೇ ಅವರಿಗೆ ಹೊಸದು ಎಂಬಂತೆ ನೋಡಿದರು. "ನನಗೂ ಹಾಗೇ ಬರೆದಿದ್ರಲ್ಲಾ," ಎಂದರು.

ನನ್ನ ಗಂಡ ವೀಕ್ಷಕರಾಗಿ ಹೋದ ಮೊದಲ ಪಂದ್ಯಕ್ಕೆ ನಾನೂ ಹೋಗಿದ್ದೆ. ರೆಫ್ರಿಯಾಗಿದ್ದವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಬಡ್ತಿಗೆ ಬಂದವಳು. ಇವರು ಕುರ್ಚಿಯಲ್ಲಿ ಕೂರಲೇ ಇಲ್ಲ, ಗೆರೆಯುದ್ದಕ್ಕೂ ಅವಳ ಜೊತೆ ಜೊತೆಗೇ ನಡೆದರು. ಒಂದು ಸಲ ಇಬ್ಬರು ಆಟಗಾರರು ಮೂಗಿಗೆ ಮೂಗು ತಾಗಿಸಿ ನಿಂತಾಗ ಆ ಹುಡುಗಿ ಒಬ್ಬನಿಗೆ, "ನಿಮ್ಮ ಲೇಸು ಬಿಚ್ಚಿದೆ," ಎಂದಳು. ಅವನು ಬಗ್ಗಿ ನೋಡಿಕೊಂಡ. ಲೇಸು ಸರಿಯಾಗಿಯೇ ಇತ್ತು. ಅವನು ತಲೆ ಎತ್ತುವಷ್ಟರಲ್ಲಿ ಇನ್ನೊಬ್ಬ ಅತ್ತ ಹೋಗಿಯಾಗಿತ್ತು, ಮಾತು ಮುಗಿದಿತ್ತು. ನನ್ನ ಗಂಡ ನನ್ನ ಕಡೆ ತಿರುಗಿ, "ನೋಡಿದ್ಯಾ?" ಎಂದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಪಂದ್ಯ ಮುಗಿದ ಮೇಲೆ ಆ ಹುಡುಗಿ ಬಂದು ಎದುರು ನಿಂತಳು. ಕಣ್ಣಲ್ಲಿ ನೀರಾಡುತ್ತಿತ್ತು. "ಕ್ಷಮಿಸಿ ಸಾರ್," ಎಂದಳು. "ಏನೂ ಆಗ್ಲಿಲ್ಲ."

ಇವರು ಪೆನ್ನು ತೆಗೆದು, ತಳದ ಚೌಕದಲ್ಲಿ ಅವಳೆದುರೇ ಬರೆದರು: ಪಂದ್ಯ ಬಹಳ ಕಷ್ಟದ್ದಾಗಿತ್ತು. ಏನೂ ಆಗಲಿಲ್ಲ.

ಸಂಘದ ಕಾರ್ಯದರ್ಶಿ ಅದನ್ನು ವಾಪಸು ಕಳಿಸಿದರು. ಏನೂ ಆಗದಿದ್ದ ಮೇಲೆ ಕಷ್ಟ ಎಲ್ಲಿಂದ ಬಂತು, ವಿವರಿಸಿ ಎಂದು ಕೆಂಪು ಶಾಯಿಯಲ್ಲಿ ಕೇಳಿದ್ದರು. ಇವರು ಅದರ ಕೆಳಗೇ, "ಒಂದು ಭಾನುವಾರ ಬಂದು ನೀವೇ ವಿಸಿಲ್ ಊದಿ ನೋಡಿ," ಎಂದು ಬರೆದು ಕಳಿಸಿದರು. ಅದು ಮತ್ತೆ ಬಂತು, ಇವರು ಮತ್ತೆ ಅದನ್ನೇ ಬರೆದರು. ಕಣ್ಣಿಗೆ ಬೀಳುವ ಜಗಳವನ್ನೆಲ್ಲ ಬಿಡಿಸುತ್ತಾ ಬಂದ ಮನುಷ್ಯ ಜೀವನದಲ್ಲಿ ಮೊದಲ ಸಲ ಒಂದು ಜಗಳ ಹಿಡಿದು ಕೂತರು, ಬಿಡಲೇ ಇಲ್ಲ. ಕೊನೆಗೆ ಕಾರ್ಯದರ್ಶಿಗೇ ಸಾಕಾಗಿ ಸಹಿ ಹಾಕಿದರು.

ಆ ಹುಡುಗಿಯ ಶರಟು ನೀಲಿ ಬಿಲ್ಲೆಯ ಜೊತೆ ನನ್ನ ಅಂಗಡಿಗೆ ಬಂತು. ನಾನು ಪೆಟ್ಟಿಗೆಯ ತಳದಿಂದ ಆ ರೀಲು ತೆಗೆದು ಮೇಲಿನ ಕಾಗದ ಬಿಚ್ಚಿದೆ. ಇವರು ಡ್ಯೂಟಿಯಿಂದ ಬಂದವರು ಬ್ಯಾಗು ಕೂಡ ಇಳಿಸದೆ, ಪಕ್ಕದಲ್ಲಿ ನಿಂತು ನೋಡಿದರು. ಬೆಂಕಿಪೆಟ್ಟಿಗೆಗೆ ಒಂದೇ ಸುತ್ತು ಹಾಕಿದ್ದೆನಲ್ಲ, ಇವಳಿಗೆ ಮೂರು ಸುತ್ತು ಹಾಕಿದೆ.